ಅಂಕಿ ಬರೆಯದ ಶೆಡ್ಡು

ಫಾಲ್ಗುಣ ಮುಗಿಯುತ್ತ ಬಂದಿತ್ತು. ತಿಕೋಟಾ ಸುತ್ತಿನ ತೋಟಗಳಲ್ಲಿ ನಸುಕಿನಿಂದಲೇ ಕೊಯ್ಲು ನಡೆದಿತ್ತು; ದ್ರಾಕ್ಷಿಯ ಕ್ರೇಟು ಹೊತ್ತ ಟಂಟಂಗಳು ಹಣ್ಣು ಒಣಗಿಸುವ ಶೆಡ್ಡುಗಳ ಕಡೆ ಓಡುತ್ತಿದ್ದವು. ಪಡುವಣದಲ್ಲಿ ಮಾತ್ರ ಮೋಡ ಕಟ್ಟುತ್ತಿತ್ತು. ಶೆಡ್ ಮಾಲಕರ ಸಂಘದ ಕೋಣೆಯಲ್ಲಿದ್ದ ನಾಜಿಯಾ ಗಳಿಗೆಗೊಮ್ಮೆ ಎದ್ದು, ಬಾಗಿಲಿಗೆ ಹೋಗಿ, ಮುಗಿಲು ನೋಡಿ ಬರುತ್ತಿದ್ದಳು.

ಜೋರಾಪುರ ಪೇಟೆಯಿಂದ ದಿನಾ ಬಸ್ಸಿಗೆ ಬರುವ ಈಕೆಯೇ ಸಂಘದ ವೆಬ್‌ಸೈಟ್ ಮಾಡಿದವಳು. ಅದರಲ್ಲೊಂದು ಪಟ್ಟಿ. ಯಾರ ಶೆಡ್ಡಿನಲ್ಲಿ ಕಂಬದಿಂದ ಕಂಬಕ್ಕೆ ಎಷ್ಟು ಅಂಕಣ ತೆರವಿದೆಯೆಂದು ಮಾಲಕರೇ ಮೊಬೈಲಿನಿಂದ ತುಂಬುತ್ತಿದ್ದರು. ಜಾಗ ಬೇಕಾದವರು ಮೇಲಿನ ಚೌಕದಲ್ಲಿ ನಾಲ್ಕು ಎಂದು ಒತ್ತಿದರೆ, ನಾಲ್ಕು ಮತ್ತು ಅದಕ್ಕಿಂತ ಹೆಚ್ಚು ಇರುವ ಸಾಲುಗಳಷ್ಟೇ ಉಳಿಯುತ್ತಿದ್ದವು.

ಹನ್ನೊಂದಕ್ಕೆ ಬಬಲೇಶ್ವರ ಕಡೆಯ ರಾಚವ್ವನ ಫೋನು ಬಂತು. ಆಕೆ ಗೊತ್ತು ಮಾಡಿಟ್ಟಿದ್ದ ಶೆಡ್ಡಿನ ತಗಡು ಹಿಂದಿನ ದಿನದ ಗಾಳಿಗೆ ಹಾರಿಹೋಗಿತ್ತು. ಇತ್ತ ಮುನ್ನೂರು ಕ್ರೇಟು ಹಣ್ಣು ಕೊಯ್ದಾಗಿತ್ತು.

"ನಾಲ್ಕ ಅಂಕಣ ಬೇಕ ತಂಗಿ. ಮುಂಜಾನಿ ಎಂಟರಿಂದ ನನ್ನ ಮಗಳು ಸುವರ್ಣಾ ನಿನ್ನ ಪಟ್ಟಿ ತಿಕ್ಕಾಕತ್ತಾಳ, ಒಬ್ಬರದೂ ಬರವಲ್ದು. ಇಷ್ಟ ದೊಡ್ಡ ತಿಕೋಟಾದಾಗ ನಾಲ್ಕ ಅಂಕಣ ಹುಟ್ಟೂದಿಲ್ಲೇನ?"

"ತಡೀರಿ ಅವ್ವಾರ, ನೋಡತೇನಿ."

ನಾಜಿಯಾ ನಾಲ್ಕು ಒತ್ತಿದಳು. ಒಂದು ಸಾಲೂ ಉಳಿಯಲಿಲ್ಲ. ಆದರೆ ಬೆಳಿಗ್ಗೆ ಬಸ್ಸಿನ ಕಿಟಕಿಯಿಂದ ಸಂಘದ ಹಿರಿಯ ಮಾಲಕ ಅಮೋಘಿಯ ಶೆಡ್ಡು ಕಂಡಿತ್ತು, ಹಣ್ಣು ಹರಡುವ ಬಲೆಗಳೆಲ್ಲ ಬರಿದಾಗಿದ್ದವು. ನಾಲ್ಕನ್ನು ಅಳಿಸಿದಳು. ಅಡಗಿದ್ದ ಸಾಲುಗಳು ಇಳಿದು ಬಂದವು. ಒಬ್ಬರದು "ಒಂದ ಮಗ್ಗಲ", ಇನ್ನೊಬ್ಬರದು "ನಾಳೆ ಹೇಳತೇನಿ", ಅಮೋಘಿಯದು "ಬಂದ್ ನೋಡ್ರಿ". ಅಂಕಿಯ ಜಾಗದಲ್ಲಿ ಅಕ್ಷರ ಸಿಕ್ಕಲ್ಲೆಲ್ಲ ಯಂತ್ರ ಅದನ್ನು ಸೊನ್ನೆಯೆಂದು ಬದಿಗೆ ತಳ್ಳಿತ್ತು. ಹಾಗೆ ತಳ್ಳಲು ಹೇಳಿಕೊಟ್ಟವಳು ತಾನೇ. ಜಾಗ ಇದ್ದವರು ಅಂಕಿ ಬರೆಯದೆ ಇರುತ್ತಾರೆಯೇ ಎಂದುಕೊಂಡಿದ್ದಳು.

ಅಮೋಘಿಗೆ ಫೋನು ಹಚ್ಚಿದಳು.

"ಕಾಕಾ, ಎಷ್ಟ ಅಂಕಣ ಅದಾವ್ರಿ?"

"ಬಂದ್ ನೋಡ್ರಿ ಅಂತ ಬರದೇನಲ್ಲ."

"ಅಂಕಿ ಹೇಳ್ರಿ. ಆರ? ಎಂಟ?"

"ಅಂಕಿ ಬಾಯಿಂದ ಬಿತ್ತಂದ್ರ ಆ ಜಾಗಾ ಅವರದ ಆತು ತಂಗಿ. ಹೋದ ವರ್ಷ ಒಬ್ಬಾವಗ ಆರು ಅಂದೆ. ಅವ ಬರಲೇ ಇಲ್ಲ. ಅವನ್ನ ಕಾಯ್ಕೋತ ನಮ್ಮ ಭಾವನ ಗಾಡಿ ಹೊಳ್ಳಿಸಿ ಕಳಿಸಿದೆ. ಇವತ್ತಿಗೂ ಮಾತ ಬಿಟ್ಟಾನ. ನಿನ್ನ ಕಂಪ್ಯೂಟರ್ ಬಂದು ಅವನ್ನ ಮಾತಾಡಸ್ತೈತೇನು?"

"ಹಂಗಾರ ಅಂಕಿ ಬ್ಯಾಡ್ರಿ. ರಾಚವ್ವಾರನ್ನ ಕಳಸಲೇನ್ರಿ?"

"ಕಳಸು. ಮದ್ಲ ಬಂದವರಿಗೆ ಮದ್ಲ."

ರಾಚವ್ವನಿಗೆ ತಿಳಿಸಿ, ನಾಜಿಯಾ ಪಟ್ಟಿಯನ್ನು ಬಿಚ್ಚಿ ಕೂತಳು. ಅಂಕಿ ಬರೆದವರನ್ನು ಮೇಲಿಟ್ಟಳು; ಮಾತು ಬರೆದವರನ್ನು ಕೆಳಗೆ, ಯಾವ ಅಂಕಿ ಒತ್ತಿದರೂ ಕಾಣುವಂತೆ, ಪಕ್ಕದಲ್ಲಿ ಅವರವರ ಫೋನ್ ನಂಬರು ಹಾಕಿ. ಮುಗಿಸುವಾಗ ನಾಲ್ಕು ಗಂಟೆ. ತಗಡಿನ ಮೇಲೆ ಹನಿ ಬಿದ್ದ ಸಪ್ಪಳಕ್ಕೆ ಕೂತಲ್ಲಿ ಕೂರಲಾಗದೆ, ಕೋಣೆಗೆ ಕೀಲಿ ಹಾಕಿ ಜೀಪು ಹಿಡಿದಳು.

ಅಮೋಘಿಯ ಶೆಡ್ಡಿನಲ್ಲಿ ಹೆಣ್ಣಾಳುಗಳು ಬೇಗ ಒಣಗಲೆಂದು ಎಣ್ಣೆನೀರಿನಲ್ಲಿ ಅದ್ದಿದ ಗೊಂಚಲುಗಳನ್ನು ಬಲೆಯ ಮೇಲೆ ಹರಡುತ್ತಿದ್ದರು. ಹೊರಗೆ ಕೊನೆಯ ಗಾಡಿ ತೊಯ್ದು ನಿಂತಿತ್ತು. ಮಳೆ ಅದನ್ನು ದಾರಿಯಲ್ಲೇ ಹಿಡಿದಿತ್ತು. ಅದರಲ್ಲಿ ರಾಚವ್ವನ ಅರವತ್ತು ಕ್ರೇಟು; ಮಳೆಗೆ ತೊಯ್ದ ಹಣ್ಣು ಒಣಗುವ ಮೊದಲೇ ಕೊಳೆಯುತ್ತದೆ.

"ನೀ ಇದ್ದಿ ಅಂತ ಇಷ್ಟರ ಉಳೀತು ನೋಡವ್ವಾ," ಎಂದಳು ರಾಚವ್ವ.

ನಾಜಿಯಾಗೆ ಆ ಹೊಗಳಿಕೆ ತಾಳಲಾಗಲಿಲ್ಲ. "ಅವ್ವಾರ, ಅಮೋಘಿ ಕಾಕಾರ ಹೆಸರು ಮುಂಜಾನಿಂದನ ಪಟ್ಟಿಯೊಳಗ ಇತ್ತರಿ. ನಾ ಮಾಡಿದ ತಪ್ಪಿಗೆ ನಿಮಗ ಕಾಣಲಿಲ್ಲ."

ರಾಚವ್ವ ಕೈಯಲ್ಲಿದ್ದ ಗೊಂಚಲನ್ನು ಬಲೆಯ ಮೇಲಿಟ್ಟು ಅವಳ ಕಡೆ ತಿರುಗಿದಳು.

"ಅಂದ್ರ ಎಂಟರಿಂದ ಹನ್ನೊಂದರ ಮಟಾ. ಮೂರ ತಾಸ ತಿಂದಿ."

"ಹೌದ್ರಿ."

"ಹಂಗಾರ ಮೂರ ತಾಸ ದುಡಿ. ತೋಳ ಏರಸು."

ನಾಜಿಯಾ ದುಪಟ್ಟಾ ಸೊಂಟಕ್ಕೆ ಬಿಗಿದು ಬಲೆಯ ಬಳಿ ನಿಂತಳು. ಮೊದಮೊದಲು ಗೊಂಚಲು ಒಂದರ ಮೇಲೊಂದು ಬೀಳುತ್ತಿತ್ತು. ಪಕ್ಕದ ಮಾಳವ್ವ, "ಹಾಸಿಗಿ ಹಾಸಾಕತ್ತಿ ಏನ ಬೇ, ಬಿಡಿಸಿ ಹಾಕು," ಎಂದು ಚುಚ್ಚಿದಳು. ಕೈಗೆಲ್ಲ ಎಣ್ಣೆ ಅಂಟಿತು, ಬೆನ್ನು ಹಿಡಿಯಿತು. ಮಳೆ ನಿಂತು, ಮತ್ತೆ ಹತ್ತಿತು.

ಏಳೂವರೆಗೆ ರಾಚವ್ವ ಬಂದು ಅವಳ ಮುಂಗೈ ಹಿಡಿದಳು. "ಸಾಕ ಬಿಡು. ಮೂರ ತಾಸ ಚುಕ್ತಾ ಆತು."

ಹೊರಗೆ ತೊಯ್ದು ನಿಂತ ಅರವತ್ತು ಕ್ರೇಟಿನ ಮಾತನ್ನು ಇಬ್ಬರೂ ಎತ್ತಲಿಲ್ಲ.