ಬಿರಡೆ ಮುಟ್ಟಬೇಡಿ

ಅವಳು ಅದೇ ನೆಲವನ್ನು ಎರಡನೆಯ ಸಲ ಒರೆಸುತ್ತಿದ್ದಾಗ ಗಂಡನ ಅಕ್ಕ ಎದ್ದು ಬಂದು ಬಾಗಿಲಲ್ಲಿ ನಿಂತರು.

"ಏನೇ ಇದು, ನೆಲ ಸವೆದು ಹೋಗುತ್ತೆ. ಇಡು ಆ ಬಟ್ಟೆ."

"ಎಷ್ಟು ಜನ ಚಪ್ಪಲಿ ಕಾಲಲ್ಲೇ ಓಡಾಡಿದಾರೆ ನೋಡಿ ಅತ್ತಿಗೆ."

"ಅದು ನಿನ್ನೆ. ನಿನ್ನೇದನ್ನ ಆಗಲೇ ಒಂದ್ಸಲ ಒರೆಸಾಯ್ತಲ್ಲ."

ನಿನ್ನೆ ಗಂಡನನ್ನು ಸ್ಮಶಾನದಲ್ಲಿ ಕಳಿಸಿ ಬಂದದ್ದು. ಇವತ್ತು ಹಾಲಿನವನು ಎಂದಿನ ಹಾಗೆ ಪ್ಯಾಕೆಟ್ ಎಸೆದು ಹೋಗಿದ್ದ. ಎದುರು ಮನೆಯವರು ಸ್ಕೂಟರಿಗೆ ಒದೆಯುತ್ತಿದ್ದರು. ಅದು ಎಂದಿನ ಹಾಗೆ ಕೆಮ್ಮಿ ಸುಮ್ಮನಾಗುತ್ತಿತ್ತು. ಬೀದಿಗೆ ಒಂದು ದಿನದ ದುಃಖ ಸಾಕಾಗಿತ್ತು. ಅವಳಿಗೆ ಇನ್ನೂ ಶುರುವೇ ಆಗಿರಲಿಲ್ಲ. ಕೈಕಾಲು ಮಾತ್ರ ಒಂದು ಕಡೆ ನಿಲ್ಲಲೊಲ್ಲವು. ಒಲೆ ಹಚ್ಚಿದಳು, ಆರಿಸಿದಳು. ಕಿಟಕಿ ತೆಗೆದಳು, ಮುಚ್ಚಿದಳು.

ಮೇಜಿನ ಮೇಲೆ ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಚೀಲ ಹಾಗೇ ಇತ್ತು. ಒಳಗೆ ಕೈಗಡಿಯಾರ, ಬೀಗದ ಕೈಗೊಂಚಲು, ಎರಡು ಕಾಲಿನ ಉಕ್ಕಿನ ಒಂದು ಕವೆ. "ಇದೇನ್ ಮೇಡಂ, ಊಟದ ಫೋರ್ಕಾ? ಎರಡೇ ಹಲ್ಲಿದೆ" ಎಂದು ವಾರ್ಡಿನವನು ಕೇಳಿದ್ದ. ಶ್ರುತಿ ಹಿಡಿಯುವ ಕವೆ, ತಟ್ಟಿದರೆ ಯಾವಾಗಲೂ ಒಂದೇ ಸ್ವರ ಕೊಡುತ್ತದೆ ಎಂದು ಅವಳು ವಿವರಿಸಿದ್ದಳು, ಗಂಡ ಸತ್ತ ಅರ್ಧ ಗಂಟೆಗೆ, ಪಾಠ ಒಪ್ಪಿಸುವವಳ ಹಾಗೆ.

ಅವಳು ಕವೆಯನ್ನು ತೆಗೆದು ಕೈಚೀಲಕ್ಕೆ ಹಾಕಿದಳು.

"ಇದನ್ನ ಪಿಟೀಲು ರಿಪೇರಿ ತಾತನಿಗೆ ಕೊಟ್ಟು ಬರಬೇಕು. ಅವರದಂತೆ."

"ಇವತ್ತೇ ಕೊಡ್ಬೇಕಾ? ಅವರೇನು ಅಡವಿಟ್ಟಿದ್ರಾ?"

"ಸಂಜೆ ಹೇಗೂ ಹೊರಗೆ ಹೋಗ್ಬೇಕು. ಕ್ಲಾಸಿನವರು ಬರ್ತಾರೆ."

ಅತ್ತಿಗೆ ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. "ಯಾವ ಕ್ಲಾಸು? ಮೇಷ್ಟ್ರೇ ಇಲ್ವಲ್ಲೇ!"

"ನಾನೇ ಬನ್ನಿ ಅಂದುಬಿಟ್ಟೆ."

"ನಿನಗೆ ಪಿಟೀಲು ಯಾವ ಕಡೆಯಿಂದ ಹಿಡೀಬೇಕು ಅಂತ ಗೊತ್ತಾ?"

"ಇಲ್ಲ. ಇನ್ನು ಕ್ಲಾಸಿಲ್ಲ ಅಂತ ಹೇಳಿ, ಬೀಗ ಹಾಕ್ಕೊಂಡು ಬರ್ತೀನಿ."

*

ನಿನ್ನೆ ಅಂಗಳದಲ್ಲಿ ಅವನನ್ನು ಮಲಗಿಸಿದ್ದಾಗ ಶಿಷ್ಯರು ಪೆಟ್ಟಿಗೆಗಳನ್ನು ಹಿಡಿದುಕೊಂಡೇ ಬಂದಿದ್ದರು. ದೊಡ್ಡವರೂ ಇದ್ದರು, ಚಿಕ್ಕವರೂ ಇದ್ದರು. ಮುಂದೆ ಬಸ್ ಡ್ರೈವರ್, ಡ್ಯೂಟಿಯಿಂದ ನೇರ, ಖಾಕಿಯಲ್ಲೇ. ಪಕ್ಕದಲ್ಲಿ ಆಸ್ಪತ್ರೆಯ ಕೆಲಸದಿಂದ ನಿವೃತ್ತರಾದ ಸಿಸ್ಟರ್. ಅವರ ಸೆರಗು ಹಿಡಿದುಕೊಂಡು ಮೆಣಸಿನಕಾಯಿ. ಬಾಯಿ ಜೋರೆಂದು ಅವನೇ ಆ ಹುಡುಗಿಗೆ ಇಟ್ಟ ಹೆಸರು.

"ಮೇಷ್ಟ್ರಿಗೆ ಮೊದಲನೇ ಪಾಠ ನುಡಿಸಿ ಕಳಿಸೋಣ ಅಂತ, ಮೇಡಂ" ಎಂದರು ಡ್ರೈವರ್.

ಎಲ್ಲರಿಗೂ ಬರುವ ಪಾಠ ಅದು. ಸಾಲಾಗಿ ನಿಂತರು, ಕಮಾನು ಎತ್ತಿದರು, ಎಳೆದರು. ಒಂದೊಂದು ಪಿಟೀಲು ಒಂದೊಂದು ಊರಿಗೆ ಹೊರಟಿತು. ಬಿಸಿಲಿಗೆ ತಂತಿಗಳು ಸಡಿಲಾಗಿದ್ದವು. ಹಿಂದೆ ಯಾರೋ ಮೂಗು ಮುಚ್ಚಿಕೊಳ್ಳುವಂತೆ ಮಾಡಿ ನಗು ನುಂಗಿದರು.

"ಮೊದ್ಲು ಶ್ರುತಿ ಮಾಡ್ಕೊಳ್ರಪ್ಪ" ಎಂದರು ಅತ್ತಿಗೆಯ ಗಂಡ.

ಶಿಷ್ಯರು ಮುಖ ಮುಖ ನೋಡಿಕೊಂಡರು. ಅವರಲ್ಲಿ ಒಬ್ಬರಿಗೂ ಶ್ರುತಿ ಮಾಡಲು ಬರುತ್ತಿರಲಿಲ್ಲ. ಇಷ್ಟು ವರ್ಷ ಕಲಿತವರಿಗೂ. ದಿನವೂ ಅವನು ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಪಿಟೀಲು ತೆಗೆದುಕೊಂಡು, ಬಿರಡೆ ತಿರುಗಿಸಿ, ನಾಲ್ಕೂ ತಂತಿ ಸರಿಮಾಡಿ ಕೊಟ್ಟ ಮೇಲೆಯೇ ಅವರು ಒಳಗೆ ಬರುತ್ತಿದ್ದುದು.

ಆಗ ಮೆಣಸಿನಕಾಯಿ ಮುಂದೆ ಬಂದು, ಎರಡೂ ಕೈಯಲ್ಲಿ ತನ್ನ ಪುಟ್ಟ ಪಿಟೀಲನ್ನು ಅವನ ಕಡೆಗೆ ಚಾಚಿದಳು. ಚಾಚಿದ ಮೇಲೆ ನೆನಪಾಯಿತು. ಹಾಗೇ ನಿಂತಳು.

ಮೂಲೆಯಲ್ಲಿದ್ದ ರಿಪೇರಿ ತಾತ ಎದ್ದು ಬಂದು ಅದನ್ನು ತೆಗೆದುಕೊಂಡರು. ಬೀದಿಯ ಕೊನೆಯಲ್ಲಿ ಅವರದು ಪಿಟೀಲು ರಿಪೇರಿ ಅಂಗಡಿ. ಜೀವಮಾನವಿಡೀ ಇದೇ ಕೆಲಸ ಮಾಡಿದ ಕೈ. ಬಿರಡೆ ತಿರುಗಿಸಿದರು, ತಂತಿ ಪಟ್ಟೆಂದು ಕಡಿಯಿತು.

"ಆಗಲ್ಲ ಕಣಮ್ಮ ಇವತ್ತು" ಎಂದರು.

ಅಷ್ಟರಲ್ಲಿ ಗಾಡಿ ಬಂತು. ಪಿಟೀಲುಗಳು ಪೆಟ್ಟಿಗೆಗೆ ಮರಳಿದವು.

ಸ್ಮಶಾನದ ಗೇಟಿನ ಹತ್ತಿರ ತಾತ ಅವಳ ಪಕ್ಕ ಬಂದು ನಿಂತರು. "ಕವೆ ಸಿಕ್ತೇನಮ್ಮ?"

"ಆಸ್ಪತ್ರೆಯವರು ಕೊಟ್ಟಿದಾರೆ."

"ನಂದದು. ಮೊದಲನೇ ಕ್ಲಾಸಿಗೆ ಒಂದು ದಿನದ ಮಟ್ಟಿಗೆ ಅಂತ ತಗೊಂಡ. ವಾರ ವಾರ ಬಂದು, 'ಮರೆತೆ ತಾತ, ನಾಳೆ ತರ್ತೀನಿ' ಅಂತ ಕೂತ್ಕೊಂಡು ಹರಟೆ ಹೊಡೀತಿದ್ದ. ನಾನೂ ಜೋರು ಮಾಡಿ ಕೇಳ್ಲಿಲ್ಲ. ಕೊಟ್ಟುಬಿಟ್ರೆ ಮತ್ತೆ ಬರೋಕೆ ನೆಪ ಏನಿರುತ್ತೆ?" ಮೂಗು ಒರೆಸಿಕೊಂಡರು. "ಅವಸರವಿಲ್ಲ. ಆದಾಗ ಕೊಡು."

ಹೊರಡುವಾಗ ಮೆಣಸಿನಕಾಯಿ ಕೇಳಿದಳು, "ನಾಳೆ ಕ್ಲಾಸಿದ್ಯಾ ಆಂಟಿ?"

ಸಿಸ್ಟರ್ ಅವಳ ತೋಳು ಚಿವುಟಿದರು. "ಸುಮ್ನಿರೇ."

"ಇದೆ, ಬನ್ನಿ" ಎಂದಳು ಅವಳು. ಯಾಕೆ ಹಾಗೆಂದಳೋ. ಬಹುಶಃ ಆ ದಿನ ನಾಳೆಯ ಬಗ್ಗೆ ಕೇಳಿದವಳು ಆ ಹುಡುಗಿಯೊಬ್ಬಳೇ.

*

"ಶ್ರುತಿ ಮಾಡೋದನ್ನ ಅವರಿಗೇ ಹೇಳಿಕೊಡಬಾರ್ದಾ?" ಎಂದು ಒಮ್ಮೆ ಅವಳೇ ರೇಗಿದ್ದಳು. ತಿರುಗಿಸಿ ತಿರುಗಿಸಿ ಅವನ ಹೆಬ್ಬೆರಳು ಜಡ್ಡುಗಟ್ಟಿತ್ತು.

"ತಂತಿ ಕಡಿಯುತ್ತೆ. ಅಳ್ತಾರೆ."

"ಅಳಲಿ. ಆ ಡ್ರೈವರೂ ಅಳ್ತಾರಾ?"

"ಅವರೇ ಮೊದಲು ಅಳೋದು." ಅವನು ನಕ್ಕಿದ್ದ. "ಪಾಠ ಶುರುವಾದ್ರೆ ಬೆರಳು ನೋಡ್ತೀನಿ ಕಣೇ, ಮುಖ ನೋಡೋಕಾಗಲ್ಲ. ಬಾಗಿಲಲ್ಲಿ ತಂತಿ ಸರಿಮಾಡೋವಾಗ ಒಂದು ಗಳಿಗೆ ಸಿಗುತ್ತೆ. ಯಾರು ಉಂಡಿಲ್ಲ, ಯಾರು ಜಗಳ ಆಡ್ಕೊಂಡು ಬಂದಿದಾರೆ, ಎಲ್ಲ ಗೊತ್ತಾಗುತ್ತೆ."

ಹಾಗೆಂದು ಕವೆಯನ್ನು ಮಂಡಿಗೆ ತಟ್ಟಿ, ಅದರ ಬುಡವನ್ನು ಅವಳ ಮೊಣಕೈ ಮೂಳೆಗೆ ಒತ್ತಿದ್ದ. ಬೆಳಗಾದರೆ ಅವನಿಗದು ಆಟ. ಸದ್ದು ಮೂಳೆಯೊಳಗೆ ಹತ್ತಿ ಭುಜದವರೆಗೆ ಗುಂಯ್‌ಗುಡುತ್ತಿತ್ತು. ಮದುವೆಯ ಹೊಸತರಲ್ಲಿ ಅವಳಿಗೆ ನಗು ಬರುತ್ತಿತ್ತು. ಆಮೇಲಾಮೇಲೆ "ಥೂ ಬಿಡ್ರೀ, ಹೊತ್ತಾಯ್ತು" ಎಂದು ಕೈ ಕೊಡವುತ್ತಿದ್ದಳು. ಕೊನೆಯ ಬೆಳಗ್ಗೆಯೂ ಕೊಡವಿದ್ದಳು.

*

ಪಾಠದ ಕೋಣೆ ದರ್ಜಿ ಅಂಗಡಿಯ ಮೇಲಿತ್ತು. ಕೆಳಗಿನ ಹೊಲಿಗೆ ಯಂತ್ರದ ಸದ್ದು ಮೆಟ್ಟಿಲವರೆಗೂ ಬರುತ್ತಿತ್ತು. ಅವಳು ಹತ್ತಿ ಬರುವಷ್ಟರಲ್ಲಿ ಶಿಷ್ಯರೆಲ್ಲ ಬಾಗಿಲ ಮುಂದೆ ಸಾಲುಗಟ್ಟಿ ನಿಂತಿದ್ದರು. ಕೀಲಿ ತಿರುಗಲಿಲ್ಲ.

"ಬಾಗಿಲನ್ನ ಎತ್ತಿ ತಿರುಗಿಸ್ಬೇಕು ಆಂಟಿ" ಎಂದಳು ಮೆಣಸಿನಕಾಯಿ.

ಒಳಗೆ ಚಾಪೆ, ಮೇಜು, ಹಾಳೆ ಇಡುವ ಸ್ಟ್ಯಾಂಡುಗಳು, ಬೆನ್ನು ಬಗ್ಗಿದರೆ ಕಾಣಲೆಂದು ಇಟ್ಟ ನಿಲುಗನ್ನಡಿ. ಗೋಡೆಯ ಮೇಲೆ ಅವನದೇ ದುಂಡು ಅಕ್ಷರದ ಹಲಗೆ: ಬಿರಡೆ ಮುಟ್ಟಬೇಡಿ.

ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ತಿರುಗಿದರೆ ಹೊಸ್ತಿಲಾಚೆ ಯಾರೂ ಕದಲಿರಲಿಲ್ಲ. ಶ್ರುತಿಯಾಗದೆ ಒಳಗೆ ಬಂದು ಅವರಿಗೆ ಅಭ್ಯಾಸವಿರಲಿಲ್ಲ. ಮೆಣಸಿನಕಾಯಿ ಹೊಸ ತಂತಿ ಹಾಕಿಸಿಕೊಂಡ ಪಿಟೀಲನ್ನು ಅವಳ ಕಡೆ ಚಾಚಿದಳು.

ಅವಳಿಗೆ ಒಮ್ಮೆಲೇ ಸಿಟ್ಟು ನೆತ್ತಿಗೇರಿತು. ಮಗುವಿನ ಮೇಲಲ್ಲ. ಎಲ್ಲವನ್ನೂ ತಾನೇ ಮಾಡಿಟ್ಟು, ಯಾರಿಗೂ ಏನನ್ನೂ ಕಲಿಸದೆ, ಹೇಳದೆ ಕೇಳದೆ ಎದ್ದುಹೋದವನ ಮೇಲೆ.

"ನೀನೇ ತಿರುಗಿಸು."

"ಬೋರ್ಡಿದೆಯಲ್ಲ ಮೇಡಂ" ಎಂದರು ಡ್ರೈವರ್, ಅಳುಕುತ್ತ.

ಅವಳು ಹಲಗೆಯನ್ನು ಗೋಡೆಯಿಂದ ಕಿತ್ತು ಮೇಜಿನ ಕೆಳಗೆ ತಳ್ಳಿದಳು. ಕೈಚೀಲದಿಂದ ಕವೆ ತೆಗೆದು ಮಂಡಿಗೆ ತಟ್ಟಿದಳು. ಏಟು ಜೋರಾಯಿತು, ನೋವಾಯಿತು. ಬುಡವನ್ನು ಮೇಜಿಗೆ ಒತ್ತಿದಳು. ಹಳೆಯ ಮೇಜು ಹಾಡತೊಡಗಿತು.

"ಎರಡನೇ ತಂತಿ ಇದಕ್ಕೆ ಸೇರಬೇಕು ಅಂತ ಅವರು ಹೇಳ್ತಿದ್ರು. ಎಲ್ಲರೂ ಒಳಗೆ ಬನ್ನಿ."

"ಸೇರಿದ್ದು ನಿಮಗೆ ಹೇಗೆ ಗೊತ್ತಾಗುತ್ತೆ?" ಸಿಸ್ಟರ್ ಕೇಳಿದರು.

"ಗೊತ್ತಾಗುತ್ತೆ" ಎಂದಳು. ಮೊಣಕೈಗೆ ಗೊತ್ತು ಎನ್ನಲು ನಾಚಿಕೆಯಾಯಿತು.

ಮೆಣಸಿನಕಾಯಿ ನಾಲಿಗೆ ಕಚ್ಚಿಕೊಂಡು ಬಿರಡೆ ತಿರುಗಿಸಿದಳು. "ಇನ್ನೂ ಕೆಳಗಿದೆ... ಇನ್ನೂ ಸ್ವಲ್ಪ... ಜಾಸ್ತಿಯಾಯ್ತು, ಇಳಿಸು... ಹಾಂ, ನಿಲ್ಲಿಸು." ಮೂಳೆಯೊಳಗೆ ಉಳಿದಿದ್ದ ಸ್ವರವೂ ಮೇಜಿನದೂ ತಂತಿಯದೂ ಒಂದೇ ಆಯಿತು.

ಅದರ ಬೆನ್ನಿಗೇ ಡ್ರೈವರರ ತಂತಿ ಪಟ್ಟೆಂದಿತು.

"ಸ್ಟೇರಿಂಗಲ್ಲ ಕಣಯ್ಯ ಅದು, ಮೆಲ್ಲಗೆ!" ಎಂದರು ಸಿಸ್ಟರ್.

ಎಲ್ಲರೂ ನಕ್ಕರು. ಡ್ರೈವರ್ ನಗಲು ಹೋಗಿ ಕಣ್ಣು ಒರೆಸಿಕೊಂಡರು. ಅವನು ಹೇಳಿದ್ದು ನಿಜವೇ ಆಗಿತ್ತು. ಅವಳು ಅವರ ಮುಖ ನೋಡಿದಳು, ಆಮೇಲೆ ಪಕ್ಕದವರದು, ಅದರಾಚೆಯವರದು. ಮೆಣಸಿನಕಾಯಿಯ ಕಣ್ಣು ಊದಿಕೊಂಡಿತ್ತು. ಸಿಸ್ಟರ್ ರಾತ್ರಿ ನಿದ್ದೆ ಮಾಡಿರಲಿಲ್ಲ.

ಪಾಠದ ಹೊತ್ತೆಲ್ಲ ಅದರಲ್ಲೇ ಕಳೆಯಿತು. ಮೊದಲನೇ ಪಾಠಕ್ಕೆ ಆ ಒಂದು ತಂತಿ ಸಾಕಿತ್ತು. ಕೊನೆಗೆ ಅವಳು ಕವೆಯನ್ನು ಎತ್ತಿಕೊಂಡಳು. "ಇನ್ನು ಇದು ಬೇಡ. ಸಿಸ್ಟರ್ ಪಿಟೀಲು ಕೇಳಿ ಮಿಕ್ಕವರು ಸರಿಮಾಡ್ಕೊಳ್ಳಿ."

"ನಾಳೆ ಯಾರು ಪಾಠ ಹೇಳ್ತಾರೆ ಆಂಟಿ?"

"ಗೊತ್ತಿಲ್ಲ, ಹುಡುಕೋಣ. ಅಲ್ಲೀವರೆಗೆ ಬಂದಷ್ಟು ನುಡಿಸ್ಕೊಳ್ಳಿ." ಕೀಲಿಯನ್ನು ಸಿಸ್ಟರ್ ಕೈಗೆ ಕೊಟ್ಟಳು. "ಬಾಗಿಲು ಎತ್ತಿ ತಿರುಗಿಸ್ಬೇಕಂತೆ."

ಮೆಟ್ಟಿಲಿಳಿಯುವಾಗ ಹಿಂದೆ ಮೊದಲನೇ ಪಾಠ ಶುರುವಾಯಿತು. ಚೆನ್ನಾಗಿರಲಿಲ್ಲ. ಆದರೆ ಎಲ್ಲ ಒಂದೇ ಊರಿಗೆ ಹೊರಟಿದ್ದವು.

*

ರಿಪೇರಿ ತಾತನ ಅಂಗಡಿಯಲ್ಲಿ ದೀಪ ಹಚ್ಚಿತ್ತು. ಗೋಡೆಯುದ್ದಕ್ಕೂ ರಿಪೇರಿಯಾಗಿ ಶ್ರುತಿ ಮಾಡಿಟ್ಟ ಪಿಟೀಲುಗಳು ತೂಗುತ್ತಿದ್ದವು. ತಾತ ಆಗತಾನೇ ಅಂಟು ಹಾಕಿದ ಒಂದನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದು ಕೂತಿದ್ದರು.

"ತಂದ್ಯಾ? ಕೈ ಬಿಡೋ ಹಾಗಿಲ್ಲ ಕಣಮ್ಮ. ಅಲ್ಲೇ ಹಲಗೆ ಮೇಲಿಡು."

ಅವಳು ಸುಮ್ಮನೆ ಇಟ್ಟು ಹೊರಡಬಹುದಿತ್ತು. ಮಂಡಿಗೆ ತಟ್ಟಿದಳು, ಈ ಸಲ ಹದವಾಗಿ. ಬುಡವನ್ನು ತನ್ನ ಮೊಣಕೈಗೆ ಒತ್ತಿ ಹಿಡಿದಳು. ಸದ್ದು ಭುಜದವರೆಗೆ ಬಂತು. ಅವಳು ಕೈ ಕೊಡವಲಿಲ್ಲ.

ಆಮೇಲೆ ಇನ್ನೊಮ್ಮೆ ತಟ್ಟಿ, ಪಿಟೀಲುಗಳು ತೂಗುತ್ತಿದ್ದ ಮರದ ಪಟ್ಟಿಗೆ ಅದರ ಬುಡವನ್ನು ಊರಿದಳು. ಯಾರೂ ಮುಟ್ಟದೆ, ಗೋಡೆಯ ಮೇಲಿನ ಪಿಟೀಲುಗಳ ಎರಡನೆಯ ತಂತಿಗಳು ಒಂದೊಂದಾಗಿ ಗುನುಗತೊಡಗಿದವು. ತಾತ ತಲೆ ಎತ್ತದೆ ಕಣ್ಣು ಮುಚ್ಚಿದರು.

ಗುನುಗು ಸಣ್ಣದಾಗುತ್ತ ಬಂದು ನಿಂತಿತು. ಕವೆ ಅವಳ ಬೆರಳುಗಳ ನಡುವೆ ಇನ್ನೂ ಪಟ್ಟಿಗೆ ಒತ್ತಿಕೊಂಡೇ ಇತ್ತು.