ಕಕ್ಕಸ್ಸಿಗೆ ಬೀಗ

ಸರ್ವಮಂಗಳಮ್ಮ ತುಮಕೂರು ಬಿಟ್ಟು ಹೊರಗೆ ಕಾಲಿಟ್ಟು ಒಂಬತ್ತು ವರ್ಷವಾಗಿತ್ತು. ಸಕ್ಕರೆ ಕಾಯಿಲೆ ಬಂದ ಮೇಲೆ ಅರ್ಧ ಗಂಟೆಗೊಮ್ಮೆ ಕಕ್ಕಸ್ಸಿಗೆ ಹೋಗಲೇಬೇಕು. ದಾರಿಯಲ್ಲಿ ಅವಳಿಗಾಗಿ ಬಸ್ಸು ನಿಲ್ಲಿಸುವವರು ಯಾರು? ತಮ್ಮನ ಮಗಳ ಮದುವೆಗೂ ಮಂಡಿನೋವು ಅಂತ ಸುಳ್ಳು ಹೇಳಿ ಮನೆಯಲ್ಲೇ ಉಳಿದಿದ್ದಳು. ಅದು ಸುಳ್ಳು ಅಂತ ಗೊತ್ತಿದ್ದವನು ಮಗ ಚನ್ನೇಶ್ ಒಬ್ಬನೇ.

ಚನ್ನೇಶ್ ಒಂಬತ್ತನೇ ಕ್ಲಾಸಿಗೆ ಓದು ಬಿಟ್ಟವನು. ಹಿರೇಹಳ್ಳಿಯಲ್ಲಿ ಲಾರಿ, ಬಸ್ಸುಗಳಿಗೆ ಬಾಡಿ ಕಟ್ಟುವ ಶೆಡ್ಡಿನಲ್ಲಿ ವೆಲ್ಡಿಂಗ್ ಕಲಿತು ಈಗ ಅಲ್ಲೇ ಕೆಲಸಕ್ಕಿದ್ದ. ಅಪ್ಪ ಪರಮಶಿವಯ್ಯನವರದು ಕೊಬ್ಬರಿ ಮಂಡಿ. ಅವರು ಒಂದು ಹಳೇ ಸ್ಕೂಲ್ ಬಸ್ಸು ಕೊಂಡು ತಂದು, “ಇದ್ನೇ ಮನೆ ಮಾಡ್ಲಾ. ಹದಿನೈದ್ ದಿವ್ಸ ಧರ್ಮಸ್ಥಳ, ಗೋಕರ್ಣ, ಕೂಡಲಸಂಗಮ, ಶ್ರೀಶೈಲ ಎಲ್ಲಾ ಸುತ್ಕೊಂಡ್ ಬರಾಣ” ಅಂದಾಗ, ಚನ್ನೇಶ್ ಮಂಚ, ಒಲೆ ಎಲ್ಲ ಬದಿಗಿಟ್ಟು ಮೊದಲು ಕಟ್ಟಿದ್ದೇ ಕಕ್ಕಸ್ಸು. ಹಿಡಿದುಕೊಳ್ಳಲು ಸ್ಟೀಲ್ ಕಂಬಿ, ಜಾರದ ನೆಲ, ಅಮ್ಮನ ಮಂಡಿಯ ಎತ್ತರ ಅಳೆದು ಕೂರಿಸಿದ ಕಮೋಡು. ಎಂಟು ತಿಂಗಳ ಭಾನುವಾರಗಳು ಹೀಗೆ ಹೋದವು. ಕೊನೆಗೊಂದು ದಿನ ಅಮ್ಮನನ್ನು ಕರೆದು ತೋರಿಸಿದ. ಅವಳು ಕಂಬಿ ಹಿಡಿದು ಒಮ್ಮೆ ಕೂತು, ಎದ್ದು, ಬಾಗಿಲು ಹಾಕಿ, ತೆಗೆದು ನೋಡಿದಳು.

“ಗೋಕರ್ಣದಾಗೆ ದೇವಸ್ಥಾನದ ಮಗ್ಗುಲಿಗೇ ಸಮುದ್ರ ಐತಂತೆ ಕಣೋ” ಅಂದಳು. ಅಷ್ಟೇ ಅಂದಿದ್ದು. ಅವತ್ತು ರಾತ್ರಿಯೇ ಸೀರೆಗಳನ್ನು ಮಡಚಿ ಬ್ಯಾಗಿಗೆ ಹಾಕಿಟ್ಟಳು. ಹೊರಡಲು ಇನ್ನೂ ಹನ್ನೆರಡು ದಿನವಿತ್ತು.

ಏಪ್ರಿಲ್ ತಿಂಗಳ ಒಂದು ಸೋಮವಾರ ಹೊರಟರು. ಗಾಡಿ ಅಂದ ಮೇಲೆ ಚಕ್ರಕ್ಕೆ ನಿಂಬೆಹಣ್ಣು ಆಯಿತು. ಮನೆ ಅಂದ ಮೇಲೆ ಹಾಲೂ ಉಕ್ಕಬೇಕು ಎಂದು ಪರಮಶಿವಯ್ಯ ಹಟ ಹಿಡಿದರು. ಹಾಲು ಉಕ್ಕಿತು. ಉಕ್ಕಿದ್ದು ಒಲೆಯಡಿಯ ವೈರಿಗೆ ಇಳಿದು ಫ್ಯಾನು, ಲೈಟು ಎಲ್ಲ ಒಂದೇ ಏಟಿಗೆ ಸತ್ತವು.

“ಪೂರ್ವಕ್ಕೇ ಉಕ್ತು ನೋಡ್ಲಾ! ಶುಭ!”

“ವೈರಿಂಗೂ ಪೂರ್ವಕ್ಕೇ ಐತೆ ಕಣಪ್ಪ” ಅಂದ ಚನ್ನೇಶ್. ಅವರಿಗೆ ಅದು ಕೇಳಿಸಲಿಲ್ಲ, ಇಲ್ಲವೇ ಕೇಳಿಸಿಕೊಳ್ಳಲಿಲ್ಲ.

ಮೊದಲ ನಿಲುಗಡೆ ಗುಬ್ಬಿ. ಗಾಡಿಯನ್ನು ಅಕ್ಕ ದೊಡ್ಡಗಂಗಮ್ಮನಿಗೆ ತೋರಿಸದೆ ಹೋದರೆ ಪರಮಶಿವಯ್ಯನವರಿಗೆ ತೀರ್ಥಯಾತ್ರೆಯ ಪುಣ್ಯ ಅರ್ಧ ನಷ್ಟ. ಅತ್ತೆಯ ಬೀದಿ ಇಕ್ಕಟ್ಟು. ತಿರುವಿನಲ್ಲಿ ಬಾಗಿ ನಿಂತಿದ್ದ ತೆಂಗಿನಮರಕ್ಕೆ ಗಾಡಿಯ ತಲೆಮೇಲಿನ ನೀರಿನ ಟ್ಯಾಂಕು ಬಡಿದು ಬಿರುಕು ಬಿಟ್ಟಿತು. ಮುಕ್ಕಾಲು ಪಾಲು ನೀರು ಬೀದಿಪಾಲಾಯಿತು. ಬೀದಿಯ ಮಕ್ಕಳು ಅದರಡಿ ನಿಂತು ಕುಣಿದವು. ಅದನ್ನಾದರೂ ಚನ್ನೇಶ್ ನುಂಗಿಕೊಂಡಿದ್ದ.

ಊಟವಾಯಿತು. ಹಲಸಿನಹಣ್ಣು ಬಂತು, ಪರಮಶಿವಯ್ಯ ಬೇಡಬೇಡವೆನ್ನುತ್ತಲೇ ಇಪ್ಪತ್ತು ತೊಳೆ ತಿಂದರು. ಆಮೇಲೆ ದೊಡ್ಡಗಂಗಮ್ಮ ಗಾಡಿ ಹತ್ತಿದಳು. ಹಿಂದೆ ಅಕ್ಕಪಕ್ಕದ ನಾಲ್ಕು ಮನೆಯ ಹೆಂಗಸರು. ಮಂಚ ಒತ್ತಿ ನೋಡಿದಳು, ಒಲೆ ಮುಟ್ಟಿದಳು, ದೇವರ ಗೂಡಿಗೆ ಕೈ ಮುಗಿದಳು. ಗೂಡಿನ ಪಕ್ಕದ ಬಾಗಿಲು ತೆಗೆದು ಒಳಗೆ ಇಣುಕಿ, ಸೆರಗು ಮೂಗಿಗೆ ಹಿಡಿದಳು.

“ಇದೇನೋ ಪರಮೇಶಿ! ದೇವರ ಗೂಡಿನ ಬೆನ್ನಿಗೇ ಕಕ್ಕಸ್ಸು! ಹಾಲು ಉಕ್ಕಿಸಿದ್ ಮನೆ ಅಂತೀಯ, ಬುದ್ಧಿಗಿದ್ಧಿ ಐತೇನೋ ನಿಂಗೆ?”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪರಮಶಿವಯ್ಯನವರ ಮುಖ ಸುಟ್ಟ ಬದನೆಕಾಯಿಯಂತಾಯಿತು. ಎಂಟು ತಿಂಗಳು ಅದೇ ಗೋಡೆಯನ್ನು ನೋಡಿದ್ದವರು, ಈಗ ಮೊದಲ ಸಲ ಕಂಡವರ ಹಾಗೆ ಮಗನ ಮೇಲೆ ಎಗರಿದರು.

“ಏನ್ಲಾ, ಓದಿಲ್ಲ ಸರಿ. ಇಷ್ಟೂ ಗೊತ್ತಾಗ್ಲಿಲ್ವಾ?”

“ಅಪ್ಪ, ಎರಡ್ ನಿಮಿಷದ ಕೆಲ್ಸ. ಗೂಡ್ ಬಿಚ್ಚಿ ಡ್ರೈವರ್ ಸೀಟಿನ ಹಿಂದಕ್ಕೆ ಹಾಕ್ತೀನಿ.”

“ಪೂಜೆ ಆದ್ ಗೂಡು ಅಲುಗ್ಸಂಗಿಲ್ಲ. ಆ ಬಾಗಿಲಿಗೆ ಚಿಲಕ ಹೊಡಿ, ಬೀಗ ಹಾಕಾಣ. ವಾಪಸ್ ಬಂದ್ಮೇಲೆ ಕಿತ್ತಾಕಿದ್ರಾಯ್ತು.”

“ಮತ್ತೆ ಅಮ್ಮ?”

“ಅಮ್ಮಂಗೇನು? ದಾರೀಲಿ ಬಂಕ್ ಇರಲ್ವಾ? ಲೋಕದ ಹೆಂಗಸ್ರೆಲ್ಲ ತಿರುಗಾಡಲ್ವಾ?”

ಸರ್ವಮಂಗಳಮ್ಮ ಬಾಗಿಲ ಹತ್ತಿರ ನಿಂತಿದ್ದಳು. ಅವಳ ವಿಷಯ ಅಷ್ಟು ಜನರ ಮುಂದೆ ಬಂದದ್ದಕ್ಕೆ ನೆಲ ನೋಡಿಕೊಂಡು, “ಆಗ್ಲಿ ಬುಡು, ಚನ್ನ” ಅಂದಳು. ಚನ್ನೇಶನಿಗೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ಡ್ರಿಲ್ಲಿಂಗ್ ಮಿಷನ್ ತೆಗೆದು, ತಾನೇ ಹೊಳಪು ಕೊಟ್ಟ ಬಾಗಿಲಿಗೆ ಚಿಲಕ ಇಟ್ಟು ನಾಲ್ಕು ಸ್ಕ್ರೂ ಗಿರಗಿರನೆ ಇಳಿಸಿದ. ಮಾಡು ಅಂದೆಯಲ್ಲ, ತಗೋ, ಅನ್ನುವ ಹಾಗೆ. ಗುಬ್ಬಿ ದಾಟಲಿ, ಅಪ್ಪನ ಬಿಸಿ ಇಳಿಯುತ್ತದೆ, ಅಂದುಕೊಂಡ. ಪರಮಶಿವಯ್ಯ ಅಂಗಡಿಯಿಂದ ಬೀಗ ತರಿಸಿ ಜಡಿದು, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡರು.

ಗುಬ್ಬಿ ದಾಟಿತು. ಬಿಸಿ ಇಳಿಯಲಿಲ್ಲ.

ಒಳರಸ್ತೆ ಹಿಡಿದು ಹೆಬ್ಬೂರಿನ ಮೇಲೆ ಕುಣಿಗಲ್ ಕಡೆ ಹೊರಟರು. ಹೆಬ್ಬೂರು ಇನ್ನೂ ನಾಲ್ಕು ಕಿಲೋಮೀಟರಿರುವಾಗ ಹಿಂದಿನ ಟೈರು ಪಂಕ್ಚರ್. ಸ್ಟೆಪ್ನಿಯಲ್ಲಿ ಗಾಳಿ ಇರಲಿಲ್ಲ. ಪಂಕ್ಚರ್ ಹಾಕುವವನು ಸಿಕ್ಕಿ, ಬಂದು, ಮುಗಿಸುವ ಹೊತ್ತಿಗೆ ಎರಡು ಗಂಟೆ ಸುಟ್ಟುಹೋಯಿತು. ಫ್ಯಾನಿಲ್ಲದ ಗಾಡಿ ಕಾದ ಹೆಂಚು. ಸರ್ವಮಂಗಳಮ್ಮ ಗುಬ್ಬಿಯಿಂದ ತೊಟ್ಟು ನೀರು ಕುಡಿದಿರಲಿಲ್ಲ. ಕುಡಿಯದಿದ್ದರೂ ಕಾಯಿಲೆ ಬಿಡಬೇಕಲ್ಲ. ಒಂದು ಸಲ ಇಳಿದು ಹೊಲದ ಕಡೆ ನಡೆದಳು. ರಾಗಿ ಕೊಯ್ದು ಎಷ್ಟೋ ತಿಂಗಳಾದ ಬೋಳು ಹೊಲ. ಮರೆ ಅನ್ನುವುದಕ್ಕೆ ಒಂದು ಪೊದೆಯಿಲ್ಲ. ದೂರದವರೆಗೆ ಹೋದಳು. ಬೈಕಿನಲ್ಲಿ ಬಂದ ಮೂವರು ನಿಧಾನ ಮಾಡಿ ನೋಡಿದರು. ಹಾಗೇ ವಾಪಸ್ ಬಂದಳು.

ಚನ್ನೇಶ್ ಸ್ಕ್ರೂಡ್ರೈವರ್ ಹಿಡಿದು ಗಾಡಿ ಹತ್ತಿದ. ಪರಮಶಿವಯ್ಯ ಚಿಲಕಕ್ಕೆ ಬೆನ್ನು ಕೊಟ್ಟು ನಿಂತರು.

“ಮುಟ್ಟು ನೋಡಾಣ. ನನ್ ಹೆಣದ್ ಮೇಲೆ ಮುಟ್ಬೇಕು.”

“ಜರುಗಪ್ಪ.”

“ಅಯ್ಯೋ, ಬ್ಯಾಡ ಕಣೋ” ಅಂದಳು ಅಮ್ಮ, ಕೆಳಗಿನಿಂದ. “ನಡುರಸ್ತೇಲಿ ಅಪ್ಪ ಮಗ ಕಿತ್ತಾಡ್ಬ್ಯಾಡಿ. ತಡ್ಕಂತೀನಿ. ಕುಣಿಗಲ್ ಎಷ್ಟ್ ದೂರ?”

ಅವನು ಸ್ಕ್ರೂಡ್ರೈವರ್ ಕೆಳಗೆ ಹಾಕಿದ. ತಳ್ಳಿದ್ದರೆ ಆಗುತ್ತಿತ್ತು. ಅರವತ್ತಾರು ವರ್ಷದ ಮುದುಕ, ಒಂದು ಕೈ ಸಾಕಿತ್ತು. ತಳ್ಳಲಿಲ್ಲ.

ಹೆಬ್ಬೂರಿನ ಬಂಕಿನಲ್ಲಿ ಕಕ್ಕಸ್ಸೇ ಇರಲಿಲ್ಲ. ಕುಣಿಗಲ್ ಮುಟ್ಟಿದಾಗ ನಾಲ್ಕೂವರೆ. ಬಂಕಿನ ಹಿಂದಿನ ಕಕ್ಕಸ್ಸಿಗೂ ಬೀಗ. “ರಿಪೇರಿ ಅಣ್ಣ, ಬಸ್‌ಸ್ಟ್ಯಾಂಡ್‌ಗೆ ಹೋಗಿ” ಅಂದ ಡೀಸೆಲ್ ಹಾಕುವವನು. ಚನ್ನೇಶ್ ಗಾಡಿ ತಿರುಗಿಸುವಷ್ಟರಲ್ಲಿ ಪರಮಶಿವಯ್ಯ ಹೊಟ್ಟೆ ಹಿಡಿದುಕೊಂಡು ಎದ್ದರು. ಗುಬ್ಬಿಯ ಹಲಸಿನಹಣ್ಣು ತನ್ನ ಕೆಲಸ ಶುರು ಮಾಡಿತ್ತು. ಸೀಟು ಹಿಡಿದು, ಮಂಚ ಹಿಡಿದು ಹಿಂದಕ್ಕೆ ಓಡಿದರು. ಉಡಿದಾರ ಎಳೆದರು. ಬೀಗ ಕಳಚಿ ಬಿತ್ತು. ದೇವರ ಗೂಡಿನ ಪಕ್ಕದ ಬಾಗಿಲು ತೆರೆದು ದಡಾರನೆ ಮುಚ್ಚಿತು.

ಕನ್ನಡಿಯಲ್ಲಿ ಅದನ್ನು ಕಂಡ ಚನ್ನೇಶ್ ಬ್ರೇಕ್ ಒತ್ತಿದ. ಅಮ್ಮ ಎದ್ದು ಹೋಗಿ ಬಾಗಿಲ ಮುಂದೆ ನಿಂತಿದ್ದಳು.

“ಏನೂಂದ್ರೆ” ಅಂದಳು. “ಬೇಗ ಬರ್ತೀರಾ?”

ಒಳಗಿನಿಂದ ನರಳಾಟ.

“ರೀ, ನನ್ ಕೈಲಿ ಆಗ್ತಿಲ್ಲ ಕಣ್ರೀ.”

“ಇರೇ! ಇರು ಅಂದ್ರೆ!”

ಚನ್ನೇಶ್ ಸೀಟಿನಿಂದ ನೆಗೆದು ಬಂದು ಬಾಗಿಲಿಗೆ ಮುಷ್ಟಿಯಿಂದ ಗುದ್ದಿದ. “ಅಪ್ಪ, ಹೊರಕ್ ಬಾ! ಬಾ ಹೊರಕ್ಕೆ!” ಬಾಗಿಲು ಅಲುಗಲಿಲ್ಲ. ಗಟ್ಟಿಯಾಗಿ ಕಟ್ಟಿದ ಬಾಗಿಲದು. ಗುದ್ದುತ್ತಲೇ ಇದ್ದಾಗ ಪಕ್ಕದಲ್ಲಿ ಅಮ್ಮ ಒಂದು ಸಣ್ಣ ಸದ್ದು ಮಾಡಿದಳು, ಬಿಕ್ಕಳಿಕೆಯಂಥದ್ದು. ಅವನು ತಿರುಗಿ ನೋಡಿದ. ಅವಳ ಸೀರೆಯ ಅಂಚಿನಿಂದ ಇಳಿದ ನೀರು ಚಪ್ಪಲಿ ತೋಯಿಸಿ, ಮಂಚದ ಕೆಳಗೆ ಹರಿದುಹೋಗುತ್ತಿತ್ತು. ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು.

“ನೋಡ್ಬ್ಯಾಡ ಕಣೋ” ಅಂದಳು. “ಆ ಕಡೆ ತಿರುಗು.”

ಅವನು ತಿರುಗಿದ.

ಪರಮಶಿವಯ್ಯ ಹೊರಗೆ ಬಂದಾಗ ಬೆವೆತಿದ್ದರು. ನೆಲ ನೋಡಿದರು, ಹೆಂಡತಿಯನ್ನು ನೋಡಿದರು. “ತುರ್ತಿಗೆ ದೋಷ ಇಲ್ಲ” ಅಂದರು, ಯಾರನ್ನೂ ನೋಡದೆ. “ಹೋಗು, ನೀನೂ ಹೋಗ್ ಬಾ ಈಗ.”

ಸರ್ವಮಂಗಳಮ್ಮ ಒಳಗೆ ಹೋಗಲಿಲ್ಲ. ಮಂಚದ ಪರದೆ ಎಳೆದುಕೊಂಡು ಸೀರೆ ಬದಲಾಯಿಸಿದಳು. ಒದ್ದೆಯದನ್ನು ಪ್ಲಾಸ್ಟಿಕ್ ಕವರಿಗೆ ತುರುಕಿದಳು. ಬ್ಯಾಗ್ ಎತ್ತಿಕೊಂಡು ಕೆಳಗಿಳಿದಳು.

“ಅಮ್ಮ, ಆ ಬೀಗ ಕೆರೆಗೆ ಎಸೀತೀನಿ. ಗೂಡೂ ಕೀಳ್ತೀನಿ. ಹದಿನಾಲ್ಕ್ ದಿವ್ಸ ಐತೆ. ಬಾ, ಗೋಕರ್ಣ ನೋಡಾಣ.”

“ನಿಮ್ಮಪ್ಪಂದು ಬುಡು, ಅವ್ರು ಮೊದ್ಲಿಂದ್ಲೂ ಹಂಗೆ” ಅಂದಳು ಅಮ್ಮ. ಬೈಗುಳವೂ ಇರಲಿಲ್ಲ, ಅಳುವೂ ಇರಲಿಲ್ಲ. “ಚಿಲಕ ಹೊಡ್ದೋನು ನೀನಲ್ವೇನಪ್ಪ? ನಿಂಗೆ ಗೊತ್ತಿತ್ತು.”

ಅವಳು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಚನ್ನೇಶ್ ಗಾಡಿಯ ಕೀಲಿ ಕಿತ್ತು ಅಪ್ಪನ ಕೈಗೆ ತುರುಕಿದ. ಪರಮಶಿವಯ್ಯನವರಿಗೆ ಸೈಕಲ್ ಬಿಟ್ಟು ಬೇರೇನೂ ಓಡಿಸಲು ಬರುತ್ತಿರಲಿಲ್ಲ. “ಏಯ್, ಗಾಡಿ ಯಾರ್ಲಾ ಓಡ್ಸೋದು? ಏಯ್!” ಎಂದು ಅವರು ಕೂಗುತ್ತಿರುವಾಗಲೇ ಅವನು ಓಡಿ ತುಮಕೂರಿನ ಬಸ್ಸು ಹಿಡಿದ.

ಬಸ್ಸು ತುಂಬಿತ್ತು. ಅಮ್ಮನಿಗೆ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ಅವನು ಎರಡು ಸೀಟು ಹಿಂದೆ ಕಂಬಿ ಹಿಡಿದು ನಿಂತ. ಕಂಡಕ್ಟರ್ ಬಂದು ಅವಳ ಆಧಾರ್ ಕಾರ್ಡ್ ನೋಡಿ ಸೊನ್ನೆ ಟಿಕೆಟ್ ಹರಿದುಕೊಟ್ಟ. ಚನ್ನೇಶ್ ಅವಳ ಕಡೆಗೇ ನೋಡುತ್ತಿದ್ದುದನ್ನು ಕಂಡು ಕೇಳಿದ:

“ಇವ್ರು ನಿಮ್ ಜೊತೆಯವ್ರೇನಮ್ಮ?”

ಸರ್ವಮಂಗಳಮ್ಮ ತಿರುಗಲಿಲ್ಲ. ಪ್ಲಾಸ್ಟಿಕ್ ಕವರನ್ನು ಕಾಲಡಿಗೆ ಇನ್ನಷ್ಟು ಒಳಗೆ ಸರಿಸಿಕೊಂಡಳು.

“ಇಲ್ಲಪ್ಪ, ನಾನೊಬ್ಳೇ” ಅಂದಳು.

ಚನ್ನೇಶ್ ಜೇಬಿಗೆ ಕೈ ಹಾಕಿ ದುಡ್ಡು ತೆಗೆದು, ಒಂದು ತುಮಕೂರು ಅಂದ.