ಬಸ್ಸಿನ ಮನೆಗೊಂದು ವಸ್ತಿ

ರಿಟೈರಾದ ಮೇಲೆ ಪಕೀರಪ್ಪನಿಗೆ ಮನೆಯಲ್ಲಿ ಕೂರಲು ಬರುವುದಿಲ್ಲ ಎಂಬುದು ಹೊಸಪೇಟೆ ಚಿತ್ತವಾಡ್ಗಿಯ ಇಡೀ ಓಣಿಗೆ ಗೊತ್ತಿತ್ತು. ಆದರೆ ಅವನು ಮನೆಯನ್ನೇ ಎತ್ತಿ ಬಸ್ಸಿನೊಳಗೆ ಇಡುತ್ತಾನೆ ಎಂದು ಯಾರೂ ಎಣಿಸಿರಲಿಲ್ಲ. ಹೆಂಡತಿ ಹಂಪಕ್ಕನಂತೂ ಎಣಿಸಿರಲೇ ಇಲ್ಲ.

ಯಶವಂತನಗರದ ಆಚೆಗಿನ ಒಂದು ಗಣಿ ಕಂಪನಿಯ ಶಿಫ್ಟ್ ಬಸ್ಸನ್ನು ಅವನು ಜೀವಮಾನವೆಲ್ಲ ಓಡಿಸಿದ್ದ. ಚೀನಾದವರು ಅದಿರು ಕೊಳ್ಳಲು ಮುಗಿಬಿದ್ದು, ಸಂಡೂರಿನ ಗುಡ್ಡಗಳಿಗೆಲ್ಲ ಲಾರಿಗಳು ಹತ್ತಿದ ಮೇಲೆ ಕಂಪನಿಗೆ ಹೊಸ ಬಸ್ಸುಗಳು ಬಂದವು. ಹಳೆಯ ಬಸ್ಸನ್ನು ಗುಜರಿ ಬೆಲೆಗೆ ಹಳೆಯ ಡ್ರೈವರಿಗೇ ಕೊಟ್ಟು, ಎರಡನ್ನೂ ಜೊತೆಯಲ್ಲೇ ಮನೆಗೆ ಕಳಿಸಿದರು. ಪಕೀರಪ್ಪ ಸೀಟು ಕಿತ್ತು ಹಾಕಿದ, ಕಬ್ಬಿಣದ ಮಂಚ ವೆಲ್ಡ್ ಮಾಡಿಸಿದ, ಒಲೆಗೆ ಕಟ್ಟೆ ಕಟ್ಟಿಸಿದ, ಛಾವಣಿಯ ಮೇಲೆ ನೀರಿನ ಡ್ರಮ್ಮು ಕೂರಿಸಿದ. ನೀಲಿ ಬಣ್ಣ ಬಳಿದ. ಎಷ್ಟು ತೊಳೆದರೂ ಸಂದುಗೊಂದಿನಿಂದ ಕೆಂಪು ಧೂಳು ಉದುರುವುದು ಮಾತ್ರ ನಿಲ್ಲಲಿಲ್ಲ. ಇನ್ನೊಂದು ಕೆಲಸವನ್ನೂ ಅವನು ಮರೆತ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಸಲಿಲ್ಲ. ಶಿಫ್ಟ್ ಬಸ್ಸಿಗೆ ಚಿಲಕ ಎಲ್ಲಿಯದು?

ಹೋಗಬೇಕಾಗಿದ್ದದ್ದು ನಾಗಪುರಕ್ಕೆ. ಬಾಬಾಸಾಹೇಬರು ಅಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡು ಆ ದಸರೆಗೆ ಐವತ್ತು ವರ್ಷ ತುಂಬುತ್ತಿತ್ತು. ಸಿರುಗುಪ್ಪದಲ್ಲಿ ಟೀಚರಾಗಿದ್ದ ಮಗಳು ಅನುಸೂಯಾ ರೈಲಿಗೆ ಟಿಕೆಟ್ ಮಾಡಿಸುತ್ತೇನೆ ಎಂದಿದ್ದಳು. ಪಕೀರಪ್ಪ ಕೇಳಲಿಲ್ಲ. ಜೀವನವಿಡೀ ಬೇರೆಯವರನ್ನು ಹೊತ್ತು ತಿರುಗಿದ ಗಾಡಿ, ಒಮ್ಮೆ ನಮ್ಮನ್ನು ಹೊತ್ತು ಹೋಗಲಿ ಎಂಬುದು ಅವನ ಹಟ.

ಅಲ್ಲಿಂದ ಶುರುವಾಯಿತು ತಯಾರಿ. ಬೈಪಾಸಿನ ಲಾರಿ ಡ್ರೈವರುಗಳ ಜೊತೆ ಚಹಾ ಕುಡಿದು ಕುಡಿದು ಅವನು ದಾರಿ ಕೂಡಿಸಿದ. ಇಳಕಲ್ಲಿನಲ್ಲಿ ಎಲ್ಲಿ ಗಟ್ಟಿ ನೆಲ, ಬಿಜಾಪುರದ ಆಚೆ ಯಾವ ಢಾಬಾದವನು ನೀರಿಗೆ ತಕರಾರು ಮಾಡುವುದಿಲ್ಲ, ಸೊಲ್ಲಾಪುರದಲ್ಲಿ ಎಲ್ಲಿ ಡೀಸೆಲ್ ಕದಿಯುತ್ತಾರೆ, ಎಲ್ಲಾ ನಾಲಿಗೆ ತುದಿಯಲ್ಲಿ. ಮ್ಯಾಪು ನೆಲಕ್ಕೆ ಹಾಸಿ ಅವನು ಬೆರಳಿಡುತ್ತಾ ಹೋದರೆ ಹಂಪಕ್ಕ ಜೋಳ ಹಸನು ಮಾಡುತ್ತಾ ಕೇಳಿಸಿಕೊಂಡಳು.

"ಮುಂಜಾನೆ ಹೆಣ್ಮಕ್ಕಳು ಎಲ್ಲಿಗೆ ಹೋಗ್ಬೇಕು ಅಂತ ಯಾವ ಡ್ರೈವರ್ ಹೇಳಿದ?" ಎಂದಳು.

ಪಕೀರಪ್ಪ ತಲೆ ಕೆರೆದುಕೊಂಡ.

"ಅದು ಹೋಗ್ಲಿ. ಸಂಜಿಮುಂದ ಒಬ್ಬರ ಜಾಗದಾಗ ಗಾಡಿ ನಿಲ್ಲಸ್ತಿ. ಅವ್ರು ಬಂದು, ನೀವು ಯಾರ ಪೈಕಿ ಅಂತ ಕೇಳ್ತಾರ. ಏನ್ ಹೇಳ್ತಿ?"

ಇದು ಹಂಪಕ್ಕ ಸುಮ್ಮನೆ ಕೇಳಿದ ಮಾತಲ್ಲ. ಅನುಸೂಯಾ ಎದೆಹಾಲು ಕುಡಿಯುವ ಕೂಸಾಗಿದ್ದಾಗ ಹಂಪಕ್ಕ ಕಂಪ್ಲಿ ಕಡೆ ಕಬ್ಬು ಕಡಿಯಲು ಹೋಗಿದ್ದಳು. ಮಳೆ ಬಂತೆಂದು ಒಂದು ಊರಿನ ಮಠದ ಕಟ್ಟೆಯ ಮೇಲೆ ಮಲಗಿದ್ದವಳನ್ನು, ಯಾರ ಪೈಕಿ ಎಂದು ಕೇಳಿ, ಕೂಸಿನ ಸಮೇತ ಎಬ್ಬಿಸಿ ಮಳೆಗೆ ಕಳಿಸಿದ್ದರು. ಹೊಡೆಯಲಿಲ್ಲ, ಬಯ್ಯಲಿಲ್ಲ. ಕಟ್ಟೆಯಿಂದ ನಾಯಿಯನ್ನು ಇಳಿಸುವಷ್ಟು ಸಲೀಸಾಗಿ ಇಳಿಸಿದ್ದರು. ಅವತ್ತಿನಿಂದ ಹಂಪಕ್ಕ ಎಲ್ಲಿಗೆ ಹೋದರೂ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತಿದ್ದಳು. ತಂಗಿಯ ಮಗಳ ಮದುವೆಯಿಂದಲೂ ಊಟ ಬಿಟ್ಟು ಎದ್ದು ಬಂದಿದ್ದಳು. ನಾಗಪುರ ನೋಡುವ ಆಸೆ ಅವಳಿಗೆ ಗಂಡನಿಗಿಂತ ಒಂದು ಕೈ ಹೆಚ್ಚೇ ಇತ್ತು. ಆ ಸಿಟ್ಟು, ಆ ಅವಮಾನ ಅದಕ್ಕಿಂತ ಹೆಚ್ಚಾಗಿದ್ದವು.

ಕೊನೆಗೆ ಒಂದು ಒಪ್ಪಂದವಾಯಿತು. ಮೊದಲು ಹತ್ತಿರದಲ್ಲೇ ಒಂದು ಸುತ್ತು, ಕಮಲಾಪುರ, ಕಂಪ್ಲಿ, ಸಂಡೂರು. ಹಂಪಕ್ಕನಿಗೆ ಸರಿ ಬಂದರೆ ನಾಗಪುರ. ಬರದಿದ್ದರೆ ಬಸ್ಸು ಗುಜರಿಗೆ, ಅನುಸೂಯಾ ಒಬ್ಬಳೇ ರೈಲಿಗೆ.

ಹಂಪಿಯಲ್ಲಿ ಕಾವಲುಗಾರ ಸಂಜೆಯಾದ ಮೇಲೆ ಗಾಡಿ ನಿಲ್ಲಿಸಬಾರದೆಂದು ಸೀಟಿ ಊದಿದ. ಅಲ್ಲಿಂದ ಕಮಲಾಪುರದ ಹತ್ತಿರ ಬಂದು, ಬಾಳೆತೋಟದ ಪಕ್ಕ ಒಂದು ಅಗಲವಾದ ಕಣ ಕಂಡು, ಪಕೀರಪ್ಪ ಇಳಿದು ಕೇಳಿದ. ತೋಟದ ಯಜಮಾನ ಬಸವಕುಮಾರ್, ನಡುವಯಸ್ಸಿನವನು, ಹಣೆಗೆ ವಿಭೂತಿ. ಬಸ್ಸಿನೊಳಗೆ ಮಂಚ, ಒಲೆ ನೋಡಿ ಅವನಿಗೆ ಖುಷಿಯಾಯಿತು. ಒಂದು ಸುತ್ತು ಹಾಕಿ ಬಂದು ನಗುನಗುತ್ತಲೇ ಕೇಳಿದ.

"ಭಾಳ ಚಲೋ ಮಾಡೀರಿ. ನೀವು ಯಾರ ಪೈಕಿ?"

"ಮೈನ್ಸ್ ವೀರೇಶ್ ಸಾಹೇಬ್ರು ಗೊತ್ತಲ್ರೀ, ಅವ್ರ ಪೈಕಿ," ಎಂದ ಪಕೀರಪ್ಪ. ವೀರೇಶ್ ಅವನ ಕಂಪನಿಯ ಮ್ಯಾನೇಜರು, ಬಸವಕುಮಾರನ ಜನವೇ. ಡ್ಯೂಟಿಯ ಕಾಲದಲ್ಲಿ ಹಳ್ಳಿಗಳಲ್ಲಿ ಬಸ್ಸು ರಾತ್ರಿ ವಸ್ತಿ ಮಾಡಿದಾಗಲೆಲ್ಲ ಪಕೀರಪ್ಪ ಈ ಮಾತಿನ ಮೇಲೆಯೇ ಚಾಪೆ ಹಾಸಿದ್ದ. ಹಂಪಕ್ಕನಿಗೆ ಅದು ಗೊತ್ತಾದದ್ದು ಈಗ.

ಬಸವಕುಮಾರನ ಮುಖ ಅರಳಿತು. "ಹಂಗಾರ ನಮ್ಮವರ ಅಂದಂಗಾತು. ಬರ್ರಿ, ಕುಂದ್ರಿ." ಪಂಪ್‌ಸೆಟ್ಟು ಚಾಲೂ ಮಾಡಿ, ಬೇಕಾದಷ್ಟು ನೀರು ತುಂಬಿಕೊಳ್ಳಿ ಎಂದ. ಅವನ ಹೆಂಡತಿ ಶೈಲಜಾ ಹಿತ್ತಾಳೆ ಚೊಂಬಿನಲ್ಲಿ ಮಜ್ಜಿಗೆ ತಂದು, ಹಂಪಕ್ಕನನ್ನು ಕೈ ಹಿಡಿದು ಅಡುಗೆಮನೆಗೆ ಕರೆದೊಯ್ದು ಮಣೆಯ ಮೇಲೆ ಕೂರಿಸಿದಳು. ಒಳ್ಳೆಯ ಹೆಣ್ಣುಮಗಳು. ಹಂಪಕ್ಕ ಬಾಗಿಲ ಕಡೆ ಕಣ್ಣಿಟ್ಟುಕೊಂಡೇ ಮಜ್ಜಿಗೆ ಕುಡಿದಳು. ಕಳ್ಳತನ ಮಾಡಿ ಸಿಕ್ಕಿಬೀಳುವ ಮೊದಲು ಹೇಗಿರುತ್ತದೋ ಹಾಗಿತ್ತು ಅವಳಿಗೆ.

ಬೆಳಿಗ್ಗೆ ಬಸ್ಸು ರಸ್ತೆಗೆ ಬಂದ ಮೇಲೆ ಅವಳು ಬಾಯಿ ಬಿಟ್ಟಳು.

"ಕಟ್ಟಿ ಮ್ಯಾಲಿಂದ ಎಬ್ಬಿಸಿ ಕಳಿಸಿದ್ದು ಎಷ್ಟೋ ಚಲೋ ಇತ್ತು. ಅವತ್ತು ನಾನು ನಾನಾಗಿ ಇದ್ದೆ."

"ಒಂದು ರಾತ್ರಿ ಮಾತಿಗೆ ಇಷ್ಟ್ಯಾಕ ಹಚ್ಕೊಂತಿ?"

"ನಾಗಪುರಕ್ಕ ದೀಕ್ಷೆ ನೋಡಾಕ ಹೊಂಟೋರು, ದಾರ್ಯಾಗೆಲ್ಲ ಬ್ಯಾರೆಯವರ ಪೈಕಿ ಅಂತ ಹೇಳ್ಕಂತ ಹೋಗೋದಾ? ಅಲ್ಲಿ ಹೋಗಿ ಯಾವ ಮುಖ ತೋರಸ್ತಿ?"

ಪಕೀರಪ್ಪ ಗೇರು ಬದಲಿಸಿದ.

ಕಂಪ್ಲಿಯಲ್ಲಿ ಯಾರ ಗೊಡವೆಯೂ ಬೇಡವೆಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರು. ಅಲ್ಲಿ ಯಾರೂ ಏನೂ ಕೇಳಲಿಲ್ಲ. ಸಂಡಾಸಿಗೆ ಬೀಗ ಹಾಕಿತ್ತು, ಬೀಗದ ಕೈ ಮಾಲೀಕರ ಮನೆಯಲ್ಲಿತ್ತು, ಮಾಲೀಕರು ತಿರುಪತಿಯಲ್ಲಿದ್ದರು. ಬೆಳಿಗ್ಗೆ ಹಂಪಕ್ಕ ಚೊಂಬು ಹಿಡಿದು ಭತ್ತದ ಗದ್ದೆಯ ಬದುವಿನ ಮೇಲೆ ಒಂದು ಮೈಲಿ ನಡೆದಳು. ತಿರುಗಿ ಬಂದಾಗ ಅವಳ ಮುಖ ನೋಡಿಯೇ ಪಕೀರಪ್ಪ ಬಸ್ಸು ಗುಜರಿಗೆ ಹೋಯಿತು ಎಂದುಕೊಂಡ.

ಕುಡತಿನಿ ದಾಟಿ, ತೋರಣಗಲ್ಲಿನ ಹೊಗೆ ದಾಟಿ, ಅದಿರು ಲಾರಿಗಳ ಹಿಂದೆ ತೆವಳುತ್ತಾ ಅವರು ಸಂಡೂರು ಸೇರಿದರು. ಪಕೀರಪ್ಪನಿಗೆ ಒಂದು ಕೊನೆಯ ಆಸೆ ಇತ್ತು. ಯಶವಂತನಗರದ ಹತ್ತಿರ ಕೂಲಿಯವರ ಗುಡಿಸಲುಗಳ ಎದುರು ಒಂದು ಬೇವಿನ ಮರ. ಅವನ ಬಸ್ಸಿನ ಹಳೆಯ ವಸ್ತಿ ಜಾಗ. ಅಲ್ಲಿ ಯಾರನ್ನೂ ಕೇಳುವ ಪ್ರಮೇಯವಿಲ್ಲ, ಅದು ಸರಕಾರದ ನೆಲ. ಹೊತ್ತು ಮುಳುಗುವಾಗ ಮರದ ಕೆಳಗೆ ನಿಲ್ಲಿಸಿ, ರೊಟ್ಟಿ ತಿಂದು, ಇಬ್ಬರೂ ಮಲಗಿದರು.

ಬೆಳಕು ಹರಿಯುವ ಮುಂಚೆ ಪಕೀರಪ್ಪನಿಗೆ ಎಚ್ಚರವಾಯಿತು. ಅದೇ ಮರ, ಅದೇ ಬಸ್ಸು, ಕಿಟಕಿಯಾಚೆ ಅದೇ ಕೆಂಪು ರಸ್ತೆ. ಅರೆನಿದ್ದೆಯಲ್ಲಿ ಎದ್ದು ಹೋಗಿ ಸೀಟಿನಲ್ಲಿ ಕುಳಿತ, ಇಂಜಿನ್ನು ಚಾಲೂ ಮಾಡಿದ, ಉದ್ದಕ್ಕೆ ಒಂದು ಹಾರ್ನ್ ಹೊಡೆದ, ಆಮೇಲೆ ಗಿಡ್ಡಕ್ಕೆ ಎರಡು. ಅದು ಮೊದಲ ಶಿಫ್ಟಿನ ಹಾರ್ನು. ಆ ಗುಡಿಸಲುಗಳ ಜನಕ್ಕೆ ಅದಕ್ಕಿಂತ ಚೆನ್ನಾಗಿ ಗೊತ್ತಿದ್ದ ಸದ್ದು ಇನ್ನೊಂದಿರಲಿಲ್ಲ.

ತಾನು ಏನು ಮಾಡಿದೆ ಎಂದು ಅವನಿಗೆ ಹೊಳೆಯುವ ಹೊತ್ತಿಗೆ ಬಾಗಿಲು ತೆರೆದಿತ್ತು. ಹೊಸ ಬಸ್ಸುಗಳು ಆ ಮರದ ತನಕ ಬರುತ್ತಿರಲಿಲ್ಲ, ಕಾಂಟ್ರಾಕ್ಟ್ ಕೂಲಿಯವರನ್ನು ಹತ್ತಿಸುತ್ತಲೂ ಇರಲಿಲ್ಲ. ಹಳೆಯ ಹಾರ್ನು ಕೇಳಿದ ಹೆಂಗಸರು ಬುತ್ತಿ ಕಟ್ಟಿಕೊಂಡು, ಸೆರಗು ಸಿಕ್ಕಿಸುತ್ತಾ ಓಡೋಡಿ ಬಂದು ಹತ್ತಿದರು. ಸೀಟಿಲ್ಲದ್ದು ನೋಡಿ ಒಂದು ಗಳಿಗೆ ಬೆರಗಾದರು, ಆಮೇಲೆ ಸಿಕ್ಕಲ್ಲಿ ಕುಳಿತರು. ನೀರಿನ ಕೊಡದ ಪಕ್ಕ ಇಬ್ಬರು, ಒಲೆಯ ಕಟ್ಟೆಗೆ ಒರಗಿ ನಾಲ್ವರು. ಹಂಪಕ್ಕ ಕೌದಿ ಕುತ್ತಿಗೆಯ ತನಕ ಎಳೆದುಕೊಂಡು ಎದ್ದು ಕೂರುವಷ್ಟರಲ್ಲಿ ಅವಳ ಕಾಲ ಬಳಿ ಮೂವರು ಕುಳಿತಾಗಿತ್ತು.

"ಸ್ವಲ್ಪ ಸರಿಯವ್ವಾ," ಎಂದಳು ದುರುಗವ್ವ ಎಂಬ ದೊಡ್ಡ ದನಿಯ ಹೆಂಗಸು. "ಪಕೀರಪ್ಪಣ್ಣ ಮತ್ತ ಡ್ಯೂಟಿಗೆ ಬಂದನಾ? ನೀ ಯಾರು?"

"ಅವನ ಹೆಂಡ್ತಿ. ಇದು ನಮ್ಮ ಮನಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಹಂಪಕ್ಕನಿಗೂ ನಗು ಬಂತು. ಆಗ ಮಂಚದ ತುದಿಯಲ್ಲಿದ್ದ ಯಲ್ಲಕ್ಕ ಎಂಬ ವಯಸ್ಸಾದವಳು, ಕೆಟ್ಟ ಮನಸ್ಸಿನಿಂದಲ್ಲ, ಬಾಯಿಯ ರೂಢಿಯಿಂದ ಕೇಳಿದಳು.

"ನೀವು ಯಾರ ಪೈಕಿ?"

ಡ್ರೈವರ್ ಸೀಟಿನಲ್ಲಿದ್ದ ಪಕೀರಪ್ಪ ತಟ್ಟನೆ ಹೊರಳಿ ನೋಡಿದ. ಬಾಯಿ ತೆರೆಯಲು ಹೊರಟವನನ್ನು ಹಂಪಕ್ಕ ಕಣ್ಣಲ್ಲೇ ತಡೆದಳು. ತನ್ನ ಮಂಚ, ತನ್ನ ಕೌದಿ, ತನ್ನ ಒಲೆ. ಕರೆಯದೆ ಬಂದು ಕುಳಿತವರು ಅವರು. ಇಲ್ಲಿಂದ ತನ್ನನ್ನು ಯಾರು, ಎಲ್ಲಿಗೆ ಇಳಿಸುತ್ತಾರೆ?

"ನಾವು ಚಿತ್ತವಾಡ್ಗಿ ಕೇರಿಯೋರು. ಈಗ ಬುದ್ಧನ ದಾರಿ ಹಿಡದೀವಿ," ಎಂದಳು. "ಚಾ ಇಡ್ತೀನಿ. ಕುಡಿಯೋರು ಕುಡೀರಿ."

ಯಲ್ಲಕ್ಕ ಮೆಲ್ಲನೆ ಮಂಚದಿಂದ ಎದ್ದಳು. ಸೀರೆ ಝಾಡಿಸಿಕೊಂಡು ಬಾಗಿಲ ಬಳಿಗೆ ಹೋಗಿ ಕಂಬಿ ಹಿಡಿದು ನಿಂತಳು. ಆದರೆ ಇಳಿಯಲಿಲ್ಲ. ಗಣಿಯ ಗೇಟಿಗೆ ನಡೆದು ಹೋಗುವುದೆಂದರೆ ತಮಾಷೆಯಲ್ಲ.

"ನಮಗ ಗೇಟಿನ ತನಾ ಬಿಡಾಕ ಹೇಳು ನಿನ್ನ ಗಂಡಗ," ಎಂದು ದುರುಗವ್ವ ಖಾಲಿಯಾದ ಜಾಗಕ್ಕೆ ಸರಿದು ಕಾಲು ನೀಡಿದಳು. "ಸಕ್ರಿ ಜಾಸ್ತಿ ಹಾಕವ್ವಾ."

ಕೆಲವರು ಕುಡಿದರು. ಕೆಲವರು ಕಿಟಕಿಯಾಚೆ ನೋಡಿದರು. ಹಂಪಕ್ಕ ಯಾರು ಯಾರೆಂದು ಗಮನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ, ಚೆನ್ನಾಗಿಯೇ ಗಮನಿಸಿದಳು. ಆದರೆ ಇಷ್ಟು ವರ್ಷ ಹೊತ್ತಿದ್ದ ಹೆದರಿಕೆ ಹುಡುಕಿದರೂ ಸಿಗಲಿಲ್ಲ. ಬೇಡವೆಂದವಳು ನಿಂತಿದ್ದಳು, ಹಂಪಕ್ಕ ಕುಳಿತಿದ್ದಳು. ಗೇಟಿನಲ್ಲಿ ಎಲ್ಲರೂ ಇಳಿದ ಮೇಲೆ ಲೋಟ ತೊಳೆದು ಬೋರಲು ಹಾಕಿ, ಬಂದು ಗಂಡನ ಹಿಂದೆ ನಿಂತಳು.

"ಕೈ ತಾನ ಹಾರ್ನ್ ಒತ್ತಿಬಿಡ್ತು," ಎಂದು ಪಕೀರಪ್ಪ ತಪ್ಪಿತಸ್ಥನಂತೆ ಹೇಳಿದ. "ಮನಿಗೆ ಹೋಗಿ ಗುಜರಿಯವನ್ನ ಕರೀತೀನಿ, ಬಿಡು."

"ಚಿಲಕದವನ್ನ ಕರಿ," ಎಂದಳು ಹಂಪಕ್ಕ. "ನಾಗಪುರದ ತನಾ ಗಾಡಿ ಇಳದು ಜಾಗ ಕೇಳೋದು ನಾನು. ಮೊದ್ಲು ನಾವ್ಯಾರು ಅಂತ ಹೇಳ್ತೀನಿ, ಆಮ್ಯಾಲೆ ಜಾಗ ಕೇಳ್ತೀನಿ. ಬ್ಯಾಡ ಅಂದ್ರ ನೀ ಗಾಡಿ ತಿರುಗ್ಸು. ಅವತ್ತು ಕೂಸು ಎತ್ಕೊಂಡು ಎದ್ದೆ. ಈಗ ಮನೀನೇ ಎದ್ದು ಹೋಗ್ತೈತಿ."

ಹೊಸಪೇಟೆ ಹತ್ತಿರ ಬಂದಾಗ ಅವಳು ಮನೆಯ ಕಡೆ ತಿರುಗಿಸಲು ಬಿಡಲಿಲ್ಲ. "ಕಮಲಾಪುರಕ್ಕ ಹೊಡಿ," ಎಂದಳು. ಪಕೀರಪ್ಪನಿಗೆ ಯಾಕೆಂದು ಗೊತ್ತಿತ್ತು. ಬಾಳೆತೋಟ ಬರುವ ತನಕ ಅವನು ಗಾಡಿಯನ್ನು ಎರಡನೇ ಗೇರಿನಿಂದ ಮೇಲೆ ಹಾಕಲಿಲ್ಲ.

ಬಸವಕುಮಾರ್ ಕಣದಲ್ಲಿ ಗೊನೆ ಎತ್ತಿಸುತ್ತಿದ್ದ. ಬಸ್ಸು ಕಂಡು ಕೈ ಬೀಸಿದ. ಹಂಪಕ್ಕ ಒಬ್ಬಳೇ ಇಳಿದು ಅವನ ಎದುರು ನಿಂತಳು.

"ನಾವು ವೀರೇಶ್ ಸಾಹೇಬ್ರ ಪೈಕಿ ಅಲ್ರೀ. ಅವ್ರ ಗಣ್ಯಾಗ ಬಸ್ ಹೊಡೀತಿದ್ದೋರು. ಚಿತ್ತವಾಡ್ಗಿ ಕೇರಿಯೋರು. ನಿಮ್ಮ ಮನಿಯಾಕಿ ಮಜ್ಜಿಗಿ ಕೊಟ್ಟಿದ್ಲು, ಸುಳ್ಳು ಹೇಳಿ ಕುಡದಂಗಾತು. ಅದಕ್ಕ ಬಂದೆ."

ಬಸವಕುಮಾರ್ ಪಂಪ್‌ಸೆಟ್ಟಿನ ಕಡೆ ನೋಡಿದ, ಮನೆಯ ಕಡೆ ನೋಡಿದ.

"ಅವತ್ತೇ ಹೇಳಬಹುದಿತ್ತಲ್ಲ," ಎಂದ ಕೊನೆಗೆ.

"ಹೇಳಿದ್ರ ನಿಲ್ಲಾಕ ಬಿಡ್ತಿದ್ರ್ಯಾ?"

ಅವನು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡ. ಅಡುಗೆಮನೆಯ ಬಾಗಿಲಲ್ಲಿ ಶೈಲಜಾ ಬಂದು ನಿಂತು ಕೇಳಿಸಿಕೊಳ್ಳುತ್ತಿದ್ದಳು.

"ಅವಸರ ಇಲ್ರೀ," ಎಂದಳು ಹಂಪಕ್ಕ. "ದಸರೆಗೆ ನಾಗಪುರಕ್ಕ ಹೊಂಟೀವಿ. ತಿರುಗಿ ಬರೋವಾಗ ಇಲ್ಲೇ ಬಂದು ಮತ್ತ ಕೇಳ್ತೀನಿ. ಅಷ್ಟರಾಗ ಯೋಚನಿ ಮಾಡಿ ಇಟ್ಟಿರ್ರಿ."

ಅಷ್ಟು ಹೇಳಿ ಅವಳು ಬಸ್ಸು ಹತ್ತಿದಳು. ಪಕೀರಪ್ಪ ಗಾಡಿ ತಿರುಗಿಸಿದ.